ನಡುಸಾಲಿನ ಆಟಗಾರ

ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಯಲ್ಲೇ ಪೆಲೆಯ ಪ್ರತಿಮೆಯೂ ಇದೆ. ವಿಶ್ವಕಪ್ ಬಂತೆಂದರೆ ಗಲ್ಲಿಗಳಲ್ಲಿ ಬ್ರೆಜಿಲ್ ಬಾವುಟ ಹಾರುತ್ತದೆ. ಈ ಕೇರಿಯಿಂದ, ಪಕ್ಕದ ಮರ್ಫಿ ಟೌನ್‌ನಿಂದ, ಆಚೆಯ ಆಸ್ಟಿನ್ ಟೌನ್‌ನಿಂದ ಎದ್ದು ಹೋಗಿ ದೊಡ್ಡ ಆಟಗಾರರಾದವರ ಹೆಸರುಗಳನ್ನು ಇಲ್ಲಿನ ಹಿರಿಯರು ಬೆರಳು ಮಡಚಿ ಎಣಿಸುತ್ತಾರೆ. ಅವರ ಎಡಬಲದಲ್ಲಿ ಆಡಿದವರ ಹೆಸರು ಆ ಎಣಿಕೆಯಲ್ಲಿ ಬರುವುದಿಲ್ಲ. ಆದರೆ ಒಂದು ಲೀಗು ನಡೆಯುವುದೇ ಅವರಿಂದ. ಹನ್ನೊಂದು ಜನರಲ್ಲಿ ಎಂಟೊಂಬತ್ತು ಮಂದಿ ಅವರೇ.

ಇಲ್ಲಿ ಮಾತಾಡುವ ಇಬ್ಬರೂ ಅಂಥವರು. ಹಿರಿಯರು ಒಂದು ಸರ್ಕಾರಿ ಕಾರ್ಖಾನೆಯ ತಂಡದಲ್ಲಿ ಹಾಫ್‌ಬ್ಯಾಕ್ ಆಗಿ ಆಡಿ, ಅದೇ ಕಾರ್ಖಾನೆಯಲ್ಲಿ ನಿವೃತ್ತರಾದವರು. ಈಗ ಬೆಳಿಗ್ಗೆ ಕೇರಿಯ ಮಕ್ಕಳಿಗೆ ಆಟ ಕಲಿಸುತ್ತಾರೆ. ಕಿರಿಯನು ಅವರ ಕೈಯಲ್ಲೇ ಕಲಿತ ಮಿಡ್‌ಫೀಲ್ಡರ್. ಕೋಲ್ಕತ್ತ, ಗೋವಾ, ಕೇರಳ, ಮಿಜೋರಾಂ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ತಿರುಗಿ, ಮಂಡಿಗೆ ಪೆಟ್ಟಾಗಿ ಮನೆಗೆ ಬಂದಿದ್ದಾನೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೂಪರ್ ಡಿವಿಷನ್ ಪಂದ್ಯ ನಡೆಯುತ್ತಿದೆ. ಗ್ಯಾಲರಿಯಲ್ಲಿ ಜನ ಕಡಿಮೆ.

ಹಿರಿಯ: ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಕಂಬಿ ಹಿಡ್ಕೊಂಡೆ, ನೋಡ್ದೆ.

ಕಿರಿಯ: ಪರವಾಗಿಲ್ಲ ಸಾರ್. ಲಿಗಮೆಂಟ್ ಆಪರೇಷನ್ ಅಲ್ವಾ, ಇನ್ನೂ ಮೂರು ತಿಂಗಳು ಚೆಂಡು ಮುಟ್ಟಬೇಡ ಅಂದಿದ್ದಾರೆ.

ಹಿರಿಯ: ದುಡ್ಡು ಯಾರು ಕೊಟ್ರು?

ಕಿರಿಯ: ಅರ್ಧ ಕ್ಲಬ್‌ನೋರು. ಉಳಿದದ್ದು ಅಮ್ಮನ ಚೀಟಿ ಎತ್ತಿ ಕಟ್ಟಿದ್ವಿ. ಪೆಟ್ಟಾಗಿದ್ದು ಏಪ್ರಿಲ್‌ನಲ್ಲಿ, ಕಾಂಟ್ರಾಕ್ಟ್ ಮುಗಿದದ್ದು ಮೇನಲ್ಲಿ. ಜೂನ್ ಮೇಲೆ ಅವರು ಫೋನ್ ಎತ್ತಲಿಲ್ಲ.

ಹಿರಿಯ: ನನಗೂ ಬಲಗಾಲಿನ ಇದೇ ಮಂಡಿ ಹೋಗಿತ್ತು. ಫ್ಯಾಕ್ಟರಿ ಆಸ್ಪತ್ರೆಯಲ್ಲಿ ಮಲಗಿದ್ದೆ, ಒಂದು ರೂಪಾಯಿ ಕೊಡಲಿಲ್ಲ. ವಾಪಸ್ ಬಂದ ಮೇಲೆ ನಿಂತು ಮಾಡೋ ಕೆಲಸ ಬೇಡ ಅಂತ ಸ್ಟೋರ್ಸ್‌ನಲ್ಲಿ ಕುರ್ಚಿ ಹಾಕಿ ಕೂರಿಸಿದ್ರು. ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಅದಕ್ಕೇ ಕಣೋ ನಿನಗೆ ಅವತ್ತು ಅಷ್ಟು ಹೇಳಿದ್ದು, ಆ ಕಂಪನಿ ಟ್ರಯಲ್ಸ್‌ಗೆ ಹೋಗು, ಪರ್ಮನೆಂಟ್ ಆಗುತ್ತೆ ಅಂತ.

ಕಿರಿಯ: ಹೋಗಿದ್ದೆ ಸಾರ್, ನಿಮಗೆ ಪೂರ್ತಿ ಹೇಳಿರಲಿಲ್ಲ. ಅಲ್ಲಿ ಪರ್ಮನೆಂಟ್ ಅನ್ನೋ ಮಾತೇ ಇರಲಿಲ್ಲ. ಸ್ಟೈಪೆಂಡ್ ಕೊಡ್ತೀವಿ, ಸೀಸನ್ ಆಡು, ಆಮೇಲೆ ನೋಡೋಣ ಅಂದ್ರು. ನೀವು ಸೇರಿದಾಗಿನ ಕೆಲಸ ಈಗ ಇಲ್ಲ.

ಹಿರಿಯ: ಇರಬಹುದು. ಆದರೂ ಆ ಕೆಲಸ ನಮಗೆ ಏನಾಗಿತ್ತು ಅಂತ ನಿನಗೆ ಗೊತ್ತಿರಬೇಕು. ನಮ್ಮಪ್ಪ ಸೈನ್ಯದ ಎಂಇಜಿ ಸೆಂಟರ್‌ನ ಮೆಸ್‌ನಲ್ಲಿ ಪಾತ್ರೆ ತೊಳೀತಿದ್ರು. ಒಂದೇ ಕೋಣೆ ಮನೆ, ಏಳು ಜನ. ಸಂಜೆ ಜವಾನರು ಆಡೋದನ್ನ ಬೇಲಿಯ ಈಚೆ ನಿಂತು ನೋಡಿ ಕಲಿತದ್ದು ನಾವೆಲ್ಲ. 1978ರಲ್ಲಿ ಒಂದು ಟೂರ್ನಮೆಂಟ್‌ನಲ್ಲಿ ನನ್ನ ಆಟ ನೋಡಿ ಕಾರ್ಖಾನೆಯೋರು ಕರೆದ್ರು. ಎಸ್ಸೆಸ್ಸೆಲ್ಸಿ ಫೇಲ್ ಆಗಿದ್ದೆ, ಹೆಲ್ಪರ್ ಅಂತ ತಗೊಂಡ್ರು. ಬೆಳಕು ಹರಿಯೋ ಮುಂಚೆ ಮೈದಾನ, ಎಂಟಕ್ಕೆ ಪಂಚಿಂಗ್, ಮಧ್ಯಾಹ್ನದ ತನಕ ಮಷೀನು, ಕ್ಯಾಂಟೀನ್ ಊಟ, ಮತ್ತೆ ಮೈದಾನ. ಮೊದಲನೇ ಸಂಬಳದ ಕವರ್ ಕೊಟ್ಟಾಗ ಅಮ್ಮ ಎಣಿಸಲಿಲ್ಲ, ಹಾಗೇ ದೇವರ ಮುಂದೆ ಇಟ್ಟಳು. ಆಮೇಲೆ ಕ್ವಾರ್ಟರ್ಸ್ ಸಿಕ್ತು. ಇಬ್ಬರು ತಂಗಿಯರ ಮದುವೆ ಆಯ್ತು. ಮಗಳು ಫ್ಯಾಕ್ಟರಿ ಸ್ಕೂಲಲ್ಲಿ ಓದಿ ನರ್ಸ್ ಆದಳು. ನಮ್ಮ ಕೇರಿಯವನು ಒಬ್ಬ ಬ್ಯಾಂಕಿಗೆ ಹೋಗಿ ಸಾಲ ಕೇಳಿದರೆ ಕೂತ್ಕೊಳ್ಳಿ ಅನ್ನೋದು ಅವತ್ತು ಸಣ್ಣ ಮಾತಲ್ಲ. ನನಗೆ ಅಂದ್ರು. ಬ್ಯಾಡ್ಜ್ ನೋಡಿ ಅಂದ್ರು. ಆ ಬ್ಯಾಡ್ಜ್ ಬಂದದ್ದು ಈ ಕಾಲಿನಿಂದ. ನಾನು ದೇಶಕ್ಕೆ ಆಡಿದವನಲ್ಲ, ರಾಜ್ಯದ ಕ್ಯಾಂಪ್‌ಗೆ ಹೋಗಿ ವಾಪಸ್ ಬಂದವನು. ಅಷ್ಟು ಆಟಕ್ಕೇ ಇಷ್ಟು ಬದುಕು ಸಿಕ್ತು.

ಕಿರಿಯ: ನನ್ನ ಪ್ರಶ್ನೆ ಅದೇ ಸಾರ್. ಅಷ್ಟೇ ಆಟ ಯಾಕೆ? ಅರ್ಧ ದಿನ ಮಷೀನಿನ ಮುಂದೆ ನಿಂತ ಕಾಲು ಸಂಜೆ ಎಷ್ಟು ಓಡುತ್ತೆ? ಪೂರ್ತಿ ದಿನ ಆಟಕ್ಕೇ ಕೊಟ್ಟಿದ್ದಿದ್ರೆ ನೀವು ಆ ಕ್ಯಾಂಪ್‌ನಿಂದ ವಾಪಸ್ ಬರ್ತಿದ್ರಾ? ಕೋಲ್ಕತ್ತದಿಂದ ನಿಮಗೆ ಕರೆ ಬಂದಿತ್ತು ಅಂತ ಕೇರಿಯಲ್ಲಿ ಎಲ್ಲರೂ ಹೇಳ್ತಾರೆ.

ಹಿರಿಯ: ಬಂದಿತ್ತು. ದೊಡ್ಡ ಮೂರು ಕ್ಲಬ್‌ಗಳಲ್ಲ, ಅದರ ಕೆಳಗಿನದು. ದುಡ್ಡು ಕಾರ್ಖಾನೆಗಿಂತ ಜಾಸ್ತಿ. ಮಗಳು ಹುಟ್ಟಿ ನಾಲ್ಕು ತಿಂಗಳು. ಒಂದು ರಾತ್ರಿ ಯೋಚನೆ ಮಾಡಿ ಬೇಡ ಅಂದೆ.

ಕಿರಿಯ: ಹೋಗಿದ್ರೆ?

ಹಿರಿಯ: ಗೊತ್ತಿಲ್ಲ.

ಕಿರಿಯ: ನನಗೆ ಗೊತ್ತು ಸಾರ್, ನಾನು ಎಷ್ಟರವನು ಅಂತ. ಅದಕ್ಕೆ ಕಾರಣ ನಾನು ಹೋದದ್ದು. ಅಹ್ಮದ್ ಖಾನ್ ಕಥೆ ಹೇಳಿಕೊಟ್ಟವರು ನೀವೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ನಮ್ಮೂರಿನ ಹುಡುಗ. ಮರುವರ್ಷ ಈಸ್ಟ್ ಬೆಂಗಾಲ್‌ಗೆ ಹೋಗಿ ಹತ್ತು ವರ್ಷ ಅಲ್ಲೇ ಆಡಿ ಆ ಕ್ಲಬ್ಬಿನ ಮುಂಚೂಣಿಯ ಪಂಚಪಾಂಡವರಲ್ಲಿ ಒಬ್ಬರು ಅನ್ನಿಸಿಕೊಂಡರು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಹೋದವರು. ಬಾಬು ಮಣಿ ಕೋಲ್ಕತ್ತದ ಮೂರೂ ದೊಡ್ಡ ಕ್ಲಬ್‌ಗಳಿಗೆ ಆಡಿದರು. ಎಲ್ಲರೂ ಈ ಊರು ಬಿಟ್ಟ ಮೇಲೇ ಅಷ್ಟಾದದ್ದು.

ಹಿರಿಯ: ಅವರು ದೊಡ್ಡ ಆಟಗಾರರು ಮಗು. ಅವರು ಎಲ್ಲಿ ಹೋಗಿದ್ರೂ ಆಗ್ತಿದ್ರು. ನಾನು ಹೇಳ್ತಿರೋದು ನಮ್ಮಂಥವರ ಮಾತು.

ಕಿರಿಯ: ಇಪ್ಪತ್ತನೇ ವಯಸ್ಸಿನಲ್ಲಿ ನಾನು ಯಾರ ಥರದವನು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಸುನಿಲ್ ಛೆಟ್ರಿ ನೋಡಿ. 2002ರಲ್ಲಿ ಮೋಹನ್ ಬಾಗಾನ್, ಆಮೇಲೆ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಅಲ್ಲಿ ಒಂದು ಲೀಗ್ ಪಂದ್ಯವೂ ಆಡಲಿಕ್ಕೆ ಸಿಗಲಿಲ್ಲ. ವಾಪಸ್ ಬಂದು ಚಿರಾಗ್, ಮತ್ತೆ ಮೋಹನ್ ಬಾಗಾನ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ, ಅಲ್ಲಿಂದ ಲೋನ್ ಮೇಲೆ ಚರ್ಚಿಲ್ ಬ್ರದರ್ಸ್. 2013ರಲ್ಲಿ ಬೆಂಗಳೂರಿಗೆ ಬಂದರು. ಆ ಹತ್ತು ವರ್ಷ ಅವರೂ ಪೆಟ್ಟಿಗೆ ಹೊತ್ತು ಓಡಾಡಿದವರೇ. ಎಲ್ಲಾದರೂ ಒಂದು ಕಡೆ ಕೆಲಸಕ್ಕೆ ಸೇರಿ ಕೂತಿದ್ರೆ?

ಹಿರಿಯ: ಛೆಟ್ರಿ ಹೆಸರು ಹೇಳ್ಕೊಂಡು ಎಷ್ಟು ಹುಡುಗರು ಮನೆ ಬಿಟ್ಟರು, ಎಷ್ಟು ಜನ ಈಗ ಡೆಲಿವರಿ ಬ್ಯಾಗ್ ಹಾಕ್ಕೊಂಡು ಇಂದಿರಾನಗರ ಸುತ್ತುತ್ತಿದ್ದಾರೆ, ಅದನ್ನೂ ಹೇಳು.

ಕಿರಿಯ: ಹೇಳ್ತೀನಿ. ನನ್ನ ಜೊತೆ ಆಡಿದ ಇಬ್ಬರು ಇದ್ದಾರೆ.

ಮೈದಾನದಲ್ಲಿ ಎಡಬದಿಯಿಂದ ಚೆಂಡು ಕಳೆದುಕೊಂಡ ತಂಡ ಗಾಬರಿಯಲ್ಲಿ ಹಿಂದೆ ಓಡುತ್ತಿತ್ತು. ಎಂಟನೇ ನಂಬರಿನ ಹುಡುಗ ಮಾತ್ರ ಓಡಲಿಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಪಾಸು ಬೀಳಬಹುದಾದ ಜಾಗದಲ್ಲಿ ನಿಂತ. ಪಾಸು ಅಲ್ಲಿಗೇ ಬಂತು. ಅವನು ಅದನ್ನು ತಡೆದು ಪಕ್ಕದವನಿಗೆ ತಳ್ಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೋಲಾಗದ ಗೋಲಿಗೆ ಲೆಕ್ಕ ಇಡುವವರಿಲ್ಲ. ನಡುಸಾಲಿನ ಆಟಗಾರನ ಜೀವಮಾನದ ದುಡಿಮೆಯ ಬಹುಪಾಲು ಇಂಥದ್ದೇ. ಅದನ್ನು ನೋಡಲು ಕಲಿತ ಕಣ್ಣುಗಳು ನಮ್ಮಲ್ಲಿ ಇನ್ನಷ್ಟು ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಗ್ಯಾಲರಿಯಲ್ಲಿ ಅವತ್ತು ನಾಲ್ಕು ಕಣ್ಣುಗಳು ಅದನ್ನು ನೋಡಿದವು.

ಹಿರಿಯ: ನೋಡಿದೆಯಾ?

ಕಿರಿಯ: ನೋಡಿದೆ. ನೀವು ಕಲಿಸಿದ್ದು ಅದು.

ಹಿರಿಯ: ನಿನಗೂ ಕಲಿಸಿದ್ದೆ.

ಕಿರಿಯ: ಅದೇ ಸಾರ್ ನನ್ನ ಅನ್ನ. ಐಜ್ವಾಲ್‌ನಲ್ಲಿ ಒಂದು ಮ್ಯಾಚು, ಗುಡ್ಡದ ಮೇಲೆಲ್ಲ ಜನ. ಎದುರು ತಂಡದಲ್ಲಿ ಆಫ್ರಿಕಾದ ಒಬ್ಬ ಸ್ಟ್ರೈಕರ್, ನನಗಿಂತ ಒಂದು ಗೇಣು ಎತ್ತರ. ತೊಂಬತ್ತು ನಿಮಿಷ ಅವನಿಗೆ ಚೆಂಡು ತಲುಪದ ಹಾಗೆ ನೋಡ್ಕೋ ಅಂತ ಕೋಚ್ ಹೇಳಿದ್ರು. ಕೊನೆಗೆ ಅವನು ಸಿಟ್ಟಾಗಿ ನನ್ನ ಅಂಗಿ ಎಳೆದ. ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಎಲ್ಲರ ಮುಂದೆ ನನ್ನ ತಲೆ ಸವರಿದರು. ಅಷ್ಟೇ ನಡೆದದ್ದು. ಆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ. ಇಲ್ಲೇ ಇದ್ದು ಸಂಜೆ ಲೀಗ್ ಆಡ್ತಾ ಇದ್ದಿದ್ರೆ ನನ್ನ ಕಾಲಿಗೆ ಅಷ್ಟು ತಾಕತ್ತಿದೆ ಅಂತ ನನಗೆ ಸಾಯೋ ತನಕ ಗೊತ್ತಾಗ್ತಿರಲಿಲ್ಲ.

ಹಿರಿಯ: ಚೆನ್ನಾಗಿದೆ. ಆಮೇಲೆ ಆ ಕ್ಲಬ್‌ನಲ್ಲಿ ಎಷ್ಟು ದಿನ ಇದ್ದೆ?

ಕಿರಿಯ: ಸೀಸನ್ ಮುಗಿಯೋ ತನಕ. ಆಮೇಲೆ ಕೋಚ್ ಬದಲಾದರು. ಹೊಸಬರು ತಮ್ಮ ಹುಡುಗರನ್ನ ಕರ್ಕೊಂಡು ಬಂದರು.

ಹಿರಿಯ: ನಿನ್ನ ವಾಟ್ಸ್ಯಾಪ್‌ಗೆ ಮೆಸೇಜ್ ಬಂತು, ಆಲ್ ದಿ ಬೆಸ್ಟ್ ಅಂತ.

ಕಿರಿಯ: ಹೌದು. ಹಾಗೇ ಇರುತ್ತೆ ಸಾರ್. ಎಂಟು ತಿಂಗಳು, ಒಂಬತ್ತು ತಿಂಗಳು ಕಾಂಟ್ರಾಕ್ಟ್. ಮೂವರಿಗೆ ಒಂದು ರೂಮು. ಹಳೇ ಕ್ಲಬ್‌ನಿಂದ ಎನ್‌ಓಸಿ ಬರೋ ತನಕ ಹೊಸ ಕ್ಲಬ್‌ನಲ್ಲಿ ನೀರಿನ ಬಾಟಲಿ ಎತ್ತಿಕೊಂಡು ನಿಂತಿರಬೇಕು. ಬೇಸಿಗೆಯಲ್ಲಿ ಕಾಂಟ್ರಾಕ್ಟ್ ಇರಲ್ಲ. ಮಲಪ್ಪುರಂಗೆ ಹೋಗಿ ಏಳು ಜನರ ಸೆವೆನ್ಸ್ ಆಡ್ತಿದ್ದೆ. ಬಿದಿರು ಕಟ್ಟಿದ ಗ್ಯಾಲರಿ, ಫ್ಲಡ್‌ಲೈಟು, ಉಸಿರಾಡಲಿಕ್ಕೂ ಜಾಗ ಇಲ್ಲದಷ್ಟು ಜನ. ಮ್ಯಾಚ್ ಮುಗಿದ ಕೂಡಲೇ ಕೈಗೆ ನೋಟು. ಕ್ಲಬ್ ಬಾಕಿ ಇಟ್ಟ ಸಂಬಳಕ್ಕಿಂತ ಆ ನೋಟಿನಿಂದಲೇ ಮನೆ ನಡೆದ ತಿಂಗಳುಗಳಿವೆ.

ಹಿರಿಯ: ಇದನ್ನೇ ನೀನು ಪ್ರೊಫೆಷನಲ್ ಅಂತೀಯ. ಬಾಕಿ ಸಂಬಳ, ಮುರಿದ ಮಂಡಿ, ಅಮ್ಮನ ಚೀಟಿ. ಕಾರ್ಲ್‌ಟನ್ ಚಾಪ್ಮನ್‌ಗಿಂತ ದೊಡ್ಡ ಮಿಡ್‌ಫೀಲ್ಡರ್ ಈ ಊರಲ್ಲಿ ನನ್ನ ಕಣ್ಣೆದುರು ಯಾರೂ ಬೆಳೆದಿಲ್ಲ. ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಜೆಸಿಟಿ, ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಇರಾಕಿನ ಅಲ್ ಜವ್ರಾ ಮೇಲೆ ಹ್ಯಾಟ್ರಿಕ್ ಹೊಡೆದ ಹುಡುಗ. ಈಸ್ಟ್ ಬೆಂಗಾಲ್ 2001ರಲ್ಲಿ ನ್ಯಾಷನಲ್ ಲೀಗ್ ಗೆದ್ದಾಗ ಕ್ಯಾಪ್ಟನ್ ಅವನೇ. ಎಫ್‌ಸಿ ಕೊಚ್ಚಿನ್ 1997ರಲ್ಲಿ ಶುರುವಾದಾಗ ಇನ್ನು ಮೇಲೆ ಫುಟ್‌ಬಾಲ್ ಅಂದ್ರೆ ಇದೇ ಅಂದ್ರು. ಕೆಲವೇ ವರ್ಷ, ದುಡ್ಡು ಖಾಲಿಯಾಗಿ ಮುಚ್ಚಿತು. ಚಾಪ್ಮನ್ 2020ರಲ್ಲಿ ಹೋದಾಗ ನಲವತ್ತೊಂಬತ್ತು ವಯಸ್ಸು. ಆಟ ಬಿಟ್ಟ ಮೇಲೂ ಕೋಚಿಂಗ್ ಅಂತ ಊರೂರು ತಿರುಗುತ್ತಲೇ ಇದ್ದ. ಅಂಥವನಿಗೇ ನೆಲೆ ಅಷ್ಟು ಕಷ್ಟ ಆದ್ರೆ ನಿನ್ನ ಗತಿ ಏನು ಅಂತ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಕಿರಿಯ: ಚಾಪ್ಮನ್ ಸಾರ್ ಜೆಸಿಟಿಯಲ್ಲಿ ವಿಜಯನ್ ಜೊತೆ, ಭೂಟಿಯಾ ಜೊತೆ ಆಡಿ ದೇಶದ ಮೊದಲ ನ್ಯಾಷನಲ್ ಲೀಗ್ ಗೆದ್ದರು. ಅವರನ್ನ ಆಫೀಸಿನ ಸ್ಟೋರ್ಸ್‌ನಲ್ಲಿ ಕೂರಿಸೋದನ್ನ ನನಗೆ ಊಹಿಸಲಿಕ್ಕೂ ಆಗಲ್ಲ. ನೀವು ನೆಲೆ ಅಂತೀರಿ. ಓಲ್ಡ್ ಮದ್ರಾಸ್ ರೋಡಿನ ಎನ್‌ಜಿಇಎಫ್ ಕಾರ್ಖಾನೆ ಗೇಟಿಗೆ ಬೀಗ ಬಿದ್ದು ಎರಡು ದಶಕ ಆಯ್ತು. ಕೆ.ಆರ್. ಪುರದ ಹತ್ತಿರ ದೂರವಾಣಿನಗರ ಅಂತ ಊರಿಗೇ ಹೆಸರು ಕೊಟ್ಟ ಐಟಿಐ ಇವತ್ತು ಎಲ್ಲಿದೆ? ಒಂದು ಕಾಲಕ್ಕೆ ದೇಶದ ಟೆಲಿಫೋನೆಲ್ಲ ಅಲ್ಲಿಂದ ಹೋಗ್ತಿತ್ತು, ಅವರ ಫುಟ್‌ಬಾಲ್ ತಂಡ ನ್ಯಾಷನಲ್ ಲೀಗ್ ಆಡ್ತಿತ್ತು. ಕಾರ್ಖಾನೆ ಸೊರಗಿದ ಮೇಲೆ ತಂಡ ಏನಾಯ್ತು? ಎಚ್‌ಎಎಲ್ 2010ರಿಂದ 2012ರ ತನಕ ಐ-ಲೀಗ್‌ನಲ್ಲಿತ್ತು. ನಾನು ಹುಡುಗ, ಇದೇ ಗ್ಯಾಲರಿಯಲ್ಲಿ ಕೂತು ನೋಡಿದ್ದೀನಿ. ಎರಡು ಸೀಸನ್ ಆಡಿ ಕೆಳಗಿಳಿದರು. ನಿಮ್ಮ ಪರ್ಮನೆಂಟ್ ಕೂಡ ಪರ್ಮನೆಂಟ್ ಆಗಿರಲಿಲ್ಲ.

ಹಿರಿಯ: ಎಚ್‌ಎಎಲ್ ಹುಡುಗರು ಡ್ಯೂಟಿ ಮಾಡ್ಕೊಂಡು, ವಿದೇಶಿ ಆಟಗಾರರಿಲ್ಲದೆ, ಕೋಟಿಗಟ್ಟಲೆ ಸುರಿಯೋ ಕ್ಲಬ್‌ಗಳ ಎದುರು ನಿಂತರು. ಅದನ್ನ ಸೋಲು ಅನ್ನಬೇಡ. ಆಮೇಲೆ 2013ರಲ್ಲಿ ಲೈಸೆನ್ಸ್ ನಿಯಮ ಅಂತ ಏರ್ ಇಂಡಿಯಾ, ಓಎನ್‌ಜಿಸಿ ತಂಡಗಳನ್ನೇ ಐ-ಲೀಗ್‌ನಿಂದ ತೆಗೆದುಹಾಕಿದರು. ಆಫೀಸ್ ತಂಡ ಅಂದ್ರೆ ಹಳೇ ಕಾಲದ್ದು ಅನ್ನೋ ಹಾಗೆ. ತೆಗೆದ ಮೇಲೆ ಆ ತಂಡದ ಹುಡುಗರ ಬದುಕಿಗೆ ಯಾರು ಲೈಸೆನ್ಸ್ ಕೊಟ್ಟರು?

ಕಿರಿಯ: ಅದೇ ವರ್ಷ ಬೆಂಗಳೂರು ಎಫ್‌ಸಿ ಬಂತು. ಇದೇ ಮೈದಾನದಲ್ಲಿ ಆಡಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋದರು. ದಿನವಿಡೀ ಆಟಗಾರನನ್ನ ಆಟಗಾರ ಅಂತ ನೋಡಿದರೆ ಏನಾಗುತ್ತೆ ಅಂತ ಈ ಊರಿಗೆ ತೋರಿಸಿದ್ದು ಅವರು. ಊಟಕ್ಕೆ ಒಬ್ಬರು, ಫಿಟ್‌ನೆಸ್‌ಗೆ ಒಬ್ಬರು, ಎಷ್ಟು ಓಡಿದೆ ಅಂತ ಬೆನ್ನಿಗೆ ಕಟ್ಟಿದ ಯಂತ್ರ. ನೀವು ಸ್ಟೇಡಿಯಂಗೆ ಹೋಗಿ ಕುಣಿದದ್ದು ನನಗೆ ನೆನಪಿದೆ.

ಹಿರಿಯ: ಕುಣಿದೆ. ಈಗಲೂ ಅವರು ಆಡಿದರೆ ಹೋಗ್ತೀನಿ. ಆದರೆ 2025ರ ಮಳೆಗಾಲ ಮರೀಬೇಡ. ಲೀಗ್ ನಡೆಸೋರಿಗೂ ಫೆಡರೇಷನ್‌ಗೂ ಒಪ್ಪಂದ ಮುಗಿಯೋಕೆ ಬಂತು ಅಂತ ಜುಲೈನಲ್ಲಿ ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳ ನಿಲ್ಲಿಸಿತು. ದೇಶದ ಅತ್ಯಂತ ಚೆನ್ನಾಗಿ ನಡೆಯೋ ಕ್ಲಬ್ ಅದು, ನಾನೂ ಒಪ್ತೀನಿ. ಅಲ್ಲೇ ಹಾಗಾದರೆ ನೀನು ಆಡೋ ಕ್ಲಬ್‌ಗಳ ಕಥೆ ಏನು?

ಕಿರಿಯ ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ಆ ತಿಂಗಳುಗಳಲ್ಲಿ ದೇಶದ ಎಷ್ಟೋ ಆಟಗಾರರು ಹೀಗೇ ಉತ್ತರವಿಲ್ಲದೆ ಕೂತಿದ್ದರು. ಮೇಲಿನ ಲೀಗು ನಿಂತರೆ ಅಲ್ಲಿನವರು ಕೆಳಗಿನ ಕ್ಲಬ್‌ಗಳ ಬಾಗಿಲು ತಟ್ಟುತ್ತಾರೆ. ಕೆಳಗಿನವರು ಇನ್ನೂ ಕೆಳಗೆ ಸರಿಯಬೇಕು. ಕೊನೆಯಲ್ಲಿ ಹೊರಗೆ ಬೀಳುವವನು ಸುದ್ದಿಯಾಗುವುದಿಲ್ಲ.

ಕಿರಿಯ: ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾರ್ಖಾನೆ ಫುಟ್‌ಬಾಲ್ ತಂಡದಿಂದ ಹೆಣ್ಣುಮಕ್ಕಳು ಎಷ್ಟು ಜನ ಪರ್ಮನೆಂಟ್ ಆದರು?

ಹಿರಿಯ: ನಮ್ಮಲ್ಲಿ ಹೆಂಗಸರ ತಂಡ ಇರಲಿಲ್ಲ.

ಕಿರಿಯ: ನನ್ನ ತಂಗಿ ನನಗಿಂತ ಚೆನ್ನಾಗಿ ಆಡ್ತಾಳೆ. ನೀವೇ ಹೇಳಿದ್ದೀರಿ. ಅವಳಿಗೆ ಸಂಬಳ ಅಂತ ಮೊದಲು ಕೊಟ್ಟದ್ದು ಕ್ಲಬ್ಬು. ಕಾರ್ಖಾನೆ ಅಲ್ಲ. 2023ರಲ್ಲಿ ಈ ಊರಿನ ಕಿಕ್‌ಸ್ಟಾರ್ಟ್ ತಂಡ ಮಹಿಳಾ ಲೀಗ್‌ನ ಫೈನಲ್‌ಗೆ ಹೋದಾಗ ಮನೆಯಲ್ಲಿ ಎಲ್ಲರೂ ಕೂತು ನೋಡಿದ್ವಿ. ಗೋಕುಲಂ ಎದುರು ಐದು ಗೋಲಿನಿಂದ ಸೋತರು. ಅವಳು ಸೋಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಲ್ಲಿಗೆ ಹೋಗೋದು ಹೇಗೆ ಅಂತ ಕೇಳಿದಳು. ನಿಮ್ಮ ವ್ಯವಸ್ಥೆ ಒಳ್ಳೇದೇ ಇರಬಹುದು, ಅದರಲ್ಲಿ ಅವಳಿಗೆ ಜಾಗ ಇರಲಿಲ್ಲ.

ಹಿರಿಯ: ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಅದನ್ನ ಯೋಚನೆ ಕೂಡ ಮಾಡಿರಲಿಲ್ಲ.

ಕಿರಿಯ: ಮಂಡಿ ಕಟ್ಟಿ ಮಲಗಿದ್ದಾಗ ಫೋನಿನಲ್ಲಿ ಅಮೆರಿಕದ ಬೇಸ್‌ಬಾಲ್ ಬಗ್ಗೆ ಓದ್ತಿದ್ದೆ. ಅಲ್ಲಿ ಇನ್‌ಫೀಲ್ಡರ್ ಅಂತ ಇರ್ತಾರೆ, ಬೇಸ್‌ಗಳ ನಡುವೆ ನಿಂತು ಚೆಂಡು ಹಿಡಿಯೋರು. ಅವರಲ್ಲೂ ಸ್ಟಾರ್ ಅಲ್ಲದವರು ತುಂಬಾ ಜನ. ವರ್ಷಗಟ್ಟಲೆ ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನಲ್ಲಿ ಸುತ್ತುತ್ತಾರೆ. ದೊಡ್ಡ ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಕರೆ ಬರುತ್ತೆ. ಕೆಲವು ವಾರ ಆಡ್ತಾರೆ, ಮತ್ತೆ ಕೆಳಗೆ ಕಳಿಸ್ತಾರೆ, ಇನ್ನೊಂದು ಕ್ಲಬ್‌ಗೆ ಮಾರ್ತಾರೆ. ಓದ್ತಾ ಓದ್ತಾ ನನ್ನದೇ ಕಥೆ ಅನ್ನಿಸ್ತು. ಒಂದೇ ವ್ಯತ್ಯಾಸ ಸಾರ್. ಮೇಲಿನ ಲೀಗ್‌ನಲ್ಲಿ ಒಟ್ಟು 43 ದಿನ ತಂಡದಲ್ಲಿದ್ದರೆ ಸಾಕು, ಆ ಆಟಗಾರನಿಗೆ ವಯಸ್ಸಾದ ಮೇಲೆ ಪಿಂಚಣಿ ಬರುತ್ತೆ.

ಹಿರಿಯ: 43 ದಿನಕ್ಕಾ?

ಕಿರಿಯ: 43 ದಿನಕ್ಕೆ. ಪೂರ್ತಿ ಅಲ್ಲ, ಆ ದಿನಗಳ ಲೆಕ್ಕಕ್ಕೆ ತಕ್ಕ ಹಾಗೆ ಸಣ್ಣದು. ಆದರೂ ಬರುತ್ತೆ. 1980ರಲ್ಲಿ ಆಟಗಾರರ ಯೂನಿಯನ್ ಮಾತುಕತೆ ಮಾಡಿ ಪಡೆದದ್ದು.

ಹಿರಿಯ: 1980! ಆ ಡಿಸೆಂಬರ್‌ನಲ್ಲೇ ಕಣೋ ನಮ್ಮ ಪಬ್ಲಿಕ್ ಸೆಕ್ಟರ್ ಮುಷ್ಕರ ಶುರುವಾದದ್ದು. ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬೆಮೆಲ್. 77 ದಿನ ನಡೀತು. ತಂಡದವರಿಗೆ ಮ್ಯಾನೇಜ್‌ಮೆಂಟ್ ಹೇಳಿಕಳಿಸಿತು, ನೀವು ಪ್ರಾಕ್ಟೀಸಿಗೆ ಬನ್ನಿ, ನಿಮ್ಮನ್ನ ಬೇರೆ ಲೆಕ್ಕ ಹಾಕ್ತೀವಿ ಅಂತ. ನಾವು ಹೋಗಲಿಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲ, ಆದರೂ ಹೋಗಲಿಲ್ಲ. ಮಷೀನಿನ ಪಕ್ಕ ನಿಲ್ಲೋನು ಗೇಟಿನ ಹೊರಗೆ ಕೂತಿರುವಾಗ ನಾನು ಚೆಂಡು ಒದೀತಾ ಇರೋದು ಹೇಗೆ? ಕೇಳಿದ್ದು ಪೂರ್ತಿ ಸಿಗಲಿಲ್ಲ. ಆದರೆ ಆ ಕ್ವಾರ್ಟರ್ಸ್, ಆ ಆಸ್ಪತ್ರೆ, ಆ ಗ್ರಾಚ್ಯುಟಿ ಮ್ಯಾನೇಜ್‌ಮೆಂಟ್ ಪ್ರೀತಿಯಿಂದ ಕೊಟ್ಟದ್ದಲ್ಲ. ಅದರ ಹಿಂದೆ ಯೂನಿಯನ್ ಇತ್ತು. ನಿನಗೆ ಯಾರಿದ್ದಾರೆ?

ಕಿರಿಯ: 1981ರಲ್ಲಿ ಆ ಬೇಸ್‌ಬಾಲ್ ಆಟಗಾರರೂ ಮುಷ್ಕರ ಮಾಡಿದ್ದಾರೆ ಸಾರ್, 50 ದಿನ. ಸೀಸನ್ ಮಧ್ಯದಲ್ಲಿ. ಆದರೆ ಅಲ್ಲೂ ಎಲ್ಲರಿಗೂ ನ್ಯಾಯ ಸಿಗಲಿಲ್ಲ. 1980ಕ್ಕೆ ಮುಂಚೆ ಆಟ ಬಿಟ್ಟವರಲ್ಲಿ ನಾಲ್ಕು ವರ್ಷ ತುಂಬದವರನ್ನ ಆ ಪಿಂಚಣಿಗೆ ಸೇರಿಸಲೇ ಇಲ್ಲ. ಬಸ್ಸಿನಲ್ಲಿ ಸುತ್ತೋ ಕೆಳಗಿನ ಲೀಗಿನ ಹುಡುಗರಿಗೆ ಯೂನಿಯನ್ ಆದದ್ದೇ 2022ರಲ್ಲಿ.

ಹಿರಿಯ: ಅಂದ್ರೆ ಅಲ್ಲೂ ನಿನ್ನಂಥವನು ಕೊನೆಗೇ.

ಕಿರಿಯ: ಕೊನೆಗೆ. ಆದರೂ ಸಿಕ್ತು. ನಮ್ಮಲ್ಲೂ 2006ರಲ್ಲಿ ಭೂಟಿಯಾ ಮುಂದೆ ನಿಂತು ಆಟಗಾರರ ಸಂಘ ಕಟ್ಟಿದರು. ದೊಡ್ಡ ಆಟಗಾರರು ಅದರಲ್ಲಿದ್ದಾರೆ. ನಾನು ಸೇರಿಲ್ಲ. ಸೇರಿದರೆ ಕ್ಲಬ್‌ನೋರು ಏನಂದುಕೊಳ್ತಾರೋ ಅಂತ ಭಯ. ನೀವು ಮಷೀನಿನ ಪಕ್ಕ ನಿಲ್ಲೋನು ಅಂದ್ರಿ. ನನ್ನ ಪಕ್ಕ ನಿಲ್ಲೋನು ಪ್ರತಿ ವರ್ಷ ಬೇರೆ. ಭಾಷೆ ಬೇರೆ, ಊರು ಬೇರೆ. ಅವನಿಗೆ ಜಾಗ ಸಿಕ್ಕಿದರೆ ನನಗೆ ಬೆಂಚು. ಯೂನಿಯನ್ ಮಾಡಲಿಕ್ಕೆ ಒಂದೇ ಗೇಟು ಬೇಕು ಸಾರ್. ನಮಗೆ ಗೇಟೇ ಇಲ್ಲ.

ಹಿರಿಯ: 2023ರಲ್ಲಿ ನಮ್ಮ ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತಲ್ಲ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಐವತ್ತನಾಲ್ಕು ವರ್ಷದ ಮೇಲೆ. ಅದಕ್ಕೆ ಮುಂಚೆ ಗೆದ್ದದ್ದು ಇನ್ನೂ ಮೈಸೂರು ರಾಜ್ಯ ಅಂತ ಹೆಸರಿದ್ದಾಗ. ಆ ಹುಡುಗರೂ ಒಬ್ಬೊಬ್ಬರು ಒಂದೊಂದು ಕ್ಲಬ್‌ನವರು. ಆದರೂ ಒಟ್ಟಾಗಿ ಆಡಿದರಲ್ಲ.

ಕಿರಿಯ: ಆಡಿದರು. ಕಪ್ ತಂದರು. ಹಾರ ಹಾಕಿಸಿಕೊಂಡರು. ಆಮೇಲೆ ಎಲ್ಲರೂ ಅವರವರ ಟ್ರಯಲ್ಸ್‌ಗೆ ಹೋದರು.

ಹಿರಿಯ: ಸರ್ಕಾರ ಅವತ್ತು ಅಷ್ಟೂ ಜನಕ್ಕೆ ಕೆಲಸ ಕೊಡಬೇಕಿತ್ತು ಅಂತೀನಿ ನಾನು.

ಕಿರಿಯ: ನಾನು ಅವರಿಗೆ ಐದು ವರ್ಷದ ಕಾಂಟ್ರಾಕ್ಟು, ವಿಮೆ, ಕೋಚಿಂಗ್ ಲೈಸೆನ್ಸ್‌ಗೆ ಫೀಸು ಕೊಡಬೇಕಿತ್ತು ಅಂತೀನಿ. ಗುಮಾಸ್ತ ಮಾಡಬೇಡಿ, ಆಟದಲ್ಲೇ ಇರೋಕೆ ಬಿಡಿ.

ಹಿರಿಯ: ಆಟದಲ್ಲೇ ಎಷ್ಟು ವರ್ಷ ಇರ್ತೀಯ? ನಿನಗೆ ಇಪ್ಪತ್ತೇಳು. ಈ ಮಂಡಿ ಸರಿಯಾದರೆ ಇನ್ನು ಐದು ವರ್ಷ. ಆಮೇಲೆ ಇನ್ನೂ ಮೂವತ್ತು ವರ್ಷ ದುಡೀಬೇಕು.

ಕಿರಿಯ: ಟರ್ಫ್‌ನಲ್ಲಿ ಮಕ್ಕಳಿಗೆ ಕಲಿಸ್ತೀನಿ. ಇಂದಿರಾನಗರದ ಕಡೆ ಶನಿವಾರ ಭಾನುವಾರ ಒಂದು ಗಂಟೆಗೆ ಒಳ್ಳೇ ದುಡ್ಡು ಕೊಡ್ತಾರೆ. ಡಿ ಲೈಸೆನ್ಸ್ ಕೋರ್ಸ್‌ಗೆ ಅರ್ಜಿ ಹಾಕಿದ್ದೀನಿ.

ಹಿರಿಯ: ದುಡ್ಡಿರೋರ ಮಕ್ಕಳಿಗೆ.

ಕಿರಿಯ: ಹೌದು. ಬೆಳಿಗ್ಗೆ ನಿಮ್ಮ ಜೊತೆ ಕೇರಿ ಮಕ್ಕಳಿಗೂ. ನಿಮಗೆ ಪಿಂಚಣಿ ಇದೆ ಅಂತ ನೀವು ಫೀಸಿಲ್ಲದೆ ಕಲಿಸ್ತೀರಿ ಸಾರ್. ನನಗೆ ಅದಿಲ್ಲ.

ಹಿರಿಯರು ಇದನ್ನು ಒಪ್ಪಿದರು. ಅವರ ಉಚಿತ ತರಬೇತಿಯ ಹಿಂದೆ ನಿಂತಿದ್ದು ಕಾರ್ಖಾನೆ ಕೊಟ್ಟ ನಿಶ್ಚಿಂತೆ. ಕಾರ್ಖಾನೆಗಳು ಈ ಪೂರ್ವ ಬೆಂಗಳೂರಿಗೆ ಕೊಟ್ಟದ್ದರಲ್ಲಿ ಇದೂ ಒಂದು, ಯಾವ ವರದಿಯಲ್ಲೂ ಬರೆಯದೆ ಉಳಿದದ್ದು. ಮೂವತ್ತು ನಲವತ್ತು ವರ್ಷ ಹೊಟ್ಟೆಯ ಚಿಂತೆಯಿಲ್ಲದೆ ಆಟದ ಹತ್ತಿರ ಇದ್ದವರು, ನಿವೃತ್ತಿಯ ನಂತರ ಹಣ ಕೇಳದೆ ಇನ್ನೊಂದು ತಲೆಮಾರನ್ನು ಬೆಳೆಸಿದರು. ಕಿರಿಯನ ತಲೆಮಾರು ಅದನ್ನು ಮಾಡಬೇಕಾದರೆ ಬೇರೆ ದಾರಿ ಬೇಕು. ಅದು ಯಾವುದೆಂದು ಇಬ್ಬರಿಗೂ ಅವತ್ತು ತೋಚಲಿಲ್ಲ.

ಕಿರಿಯ: ಒಂದು ಆಫರ್ ಬಂದಿದೆ ಸಾರ್. ಅದನ್ನ ಹೇಳಲಿಕ್ಕೇ ಬಂದೆ. ಮುಂದಿನ ಸೀಸನ್‌ಗೆ, ಕೇರಳದ ಕಡೆ ಒಂದು ಕ್ಲಬ್. ಮೆಡಿಕಲ್ ಪಾಸಾದರೆ ಒಂಬತ್ತು ತಿಂಗಳು. ಕಾಂಟ್ರಾಕ್ಟ್ ಫೋನಿನಲ್ಲಿದೆ, ನೋಡ್ತೀರಾ?

ಹಿರಿಯ: ಕೊಡು. ಕನ್ನಡಕ ಹಾಕ್ಕೊಳ್ತೀನಿ. ಸಂಬಳ ಪರವಾಗಿಲ್ಲ. ವಸತಿ ಇದೆ. ಪೆಟ್ಟಾದರೆ ಅನ್ನೋದು ಎಲ್ಲಿದೆ?

ಕಿರಿಯ: ಕೊನೇ ಪುಟ.

ಹಿರಿಯ: ಕಾಂಟ್ರಾಕ್ಟ್ ಅವಧಿಯಲ್ಲಿ ಮಾತ್ರ ಅಂತ ಬರೆದಿದ್ದಾರೆ. ಮತ್ತೆ ಅದೇ ಏಪ್ರಿಲ್, ಮತ್ತೆ ಅದೇ ಮೇ. ಮೈದಾನದಲ್ಲಾದ ಪೆಟ್ಟು ವಾಸಿಯಾಗೋ ತನಕ ಕ್ಲಬ್ಬಿನ ಖರ್ಚು ಅಂತ ಒಂದು ಸಾಲು ಹಾಕಿಸು. ಅಷ್ಟಾದ ಮೇಲೆ ಸಹಿ ಮಾಡು. ಹೋಗು, ನಾನು ಬೇಡ ಅನ್ನಲ್ಲ.

ಕಿರಿಯ: ಆ ಸಾಲು ಕೇಳಿದರೆ ಏಜೆಂಟ್ ಇನ್ನೊಬ್ಬ ಹುಡುಗನಿಗೆ ಫೋನ್ ಮಾಡ್ತಾನೆ ಸಾರ್.

ಹಿರಿಯ: ಯಾವ ಹುಡುಗನಿಗೆ?

ಕಿರಿಯ: ನನಗೆ ಗೊತ್ತು. ಅಲ್ಲಿ ಆಡ್ತಿದ್ದಾನಲ್ಲ, ಎಂಟನೇ ನಂಬರ್.

ಹಿರಿಯ: ಅವನೂ ನಮ್ಮ ಹುಡುಗನೇ. ಮ್ಯಾಚ್ ಮುಗಿದ ಮೇಲೆ ಇಲ್ಲಿಗೆ ಕರಿ. ಅವನೂ ಅದೇ ಸಾಲು ಕೇಳಲಿ.

ಕಿರಿಯ: ಅವನಿಗೆ ಹೋದ ತಿಂಗಳು ಮಗು ಆಗಿದೆ ಸಾರ್. ಅವನು ಕೇಳಲ್ಲ.

ಹಿರಿಯ: ಕರಿ. ನಾನು ಮಾತಾಡ್ತೀನಿ.